ನ್ಯೂಯಾರ್ಕಿನ ಫುಟ್‌ಪಾತ್ ದುರಸ್ತಿ ಸೇವೆ: ಅಳತೆ ಚೊಕ್ಕ, ಹೊಣೆ ಚೂರುಚೂರು

ನ್ಯೂಯಾರ್ಕ್ ನಗರದಲ್ಲಿ ಮನೆಯನ್ನೋ ಅಂಗಡಿಯನ್ನೋ ಕೊಂಡವರಿಗೆ ಗೋಡೆ, ಛಾವಣಿ, ನೆಲಮಾಳಿಗೆಗಳ ಜೊತೆಗೆ ಇನ್ನೊಂದು ಜಾಗದ ಆರೈಕೆಯೂ ಬಂದು ಸೇರುತ್ತದೆ. ಅದು ಕಟ್ಟಡದ ಮುಂದಿನ ಫುಟ್‌ಪಾತ್. ಅಲ್ಲಿ ನಡೆಯುವ ಹಕ್ಕು ಎಲ್ಲರದು, ಅದನ್ನು ತನ್ನದೆಂದು ಬೇಲಿ ಹಾಕಿಕೊಳ್ಳಲು ಯಾರಿಗೂ ಅವಕಾಶವಿಲ್ಲ. ಆದರೂ ಅಲ್ಲಿನ ಚಪ್ಪಡಿ ಬಿರುಕು ಬಿಟ್ಟರೆ, ಕುಸಿದರೆ, ಮೇಲೆದ್ದರೆ ಅದನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದವರು ಪಕ್ಕದ ಆಸ್ತಿಯ ಮಾಲೀಕರು. ಅವರು ಸರಿಪಡಿಸದಿದ್ದಾಗ ನಗರ ಸಾರಿಗೆ ಇಲಾಖೆ ತನ್ನ ಗುತ್ತಿಗೆದಾರರಿಂದ ಕೆಲಸ ಮಾಡಿಸಿ ಖರ್ಚನ್ನು ಮಾಲೀಕರ ಲೆಕ್ಕಕ್ಕೆ ಹಾಕುತ್ತದೆ. ಪರಿಶೀಲನೆ, ನೋಟಿಸ್, ದುರಸ್ತಿ ಮತ್ತು ಬಿಲ್ಲು ಎಂಬ ಈ ನಾಲ್ಕು ಹಂತಗಳ ಸಾರ್ವಜನಿಕ ಸೇವೆಯನ್ನು, ಅದು ರೂಪುಗೊಂಡ ಚರಿತ್ರೆಯೊಂದಿಗೆ ಇಟ್ಟು ನೋಡುವುದು ಈ ವಿಮರ್ಶೆಯ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದೋಷವನ್ನು ಅಳೆದು ಗುರುತಿಸುವ ಕೆಲಸದಲ್ಲಿ ಈ ಸೇವೆ ಬಹಳ ಶಿಸ್ತಿನದು, ಅದನ್ನು ಬೇರೆ ನಗರಗಳು ನೋಡಿ ಕಲಿಯಬಹುದು. ಆದರೆ ಒಂದೇ ಸಮನಾಗಿ ಸಾಗಬೇಕಾದ ದಾರಿಯನ್ನು ಹಲವು ಒಡೆಯರಿಗೆ ತುಂಡು ಹಾಕಿ ಹಂಚಿರುವುದರಿಂದ, ನಡೆಯುವವರಿಗೆ ಸಿಗಬೇಕಾದದ್ದು ಪೂರ್ಣವಾಗಿ ಸಿಗುತ್ತಿಲ್ಲ.

ಮನೆಮುಂದಿನ ನೆಲವನ್ನು ಮನೆಯವರೇ ನೋಡಿಕೊಳ್ಳಬೇಕೆಂಬ ನಿಯಮ ನ್ಯೂಯಾರ್ಕಿನಲ್ಲಿ ಹುಟ್ಟಿದ್ದಲ್ಲ. ಯುರೋಪಿನ ಹಳೆಯ ಪಟ್ಟಣಗಳಲ್ಲಿ ಅದು ರೂಢಿಯಲ್ಲಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ ಪ್ರತಿ ಮನೆಯವರೂ ತಮ್ಮ ಬಾಗಿಲ ಮುಂದಿನ ತುಂಡಿಗೆ ತಾವೇ ಕಲ್ಲು ಹಾಸಿಸಬೇಕಾಗಿತ್ತು. ಒಬ್ಬರು ಒಳ್ಳೆಯ ಕಲ್ಲು ಹಾಕಿಸಿದರೆ ಪಕ್ಕದವರು ಅಗ್ಗದ್ದನ್ನು ಹಾಕಿಸುವುದು, ಒಬ್ಬರ ನೆಲ ಎತ್ತರದಲ್ಲಿದ್ದರೆ ಇನ್ನೊಬ್ಬರದು ತಗ್ಗಿನಲ್ಲಿರುವುದು, ಮತ್ತೊಬ್ಬರು ಏನನ್ನೂ ಮಾಡದೆ ಬಿಡುವುದು ಅಲ್ಲಿ ಸಾಮಾನ್ಯವಾಗಿತ್ತು. 1762ರಲ್ಲಿ ಬಂದ ವೆಸ್ಟ್‌ಮಿನ್‌ಸ್ಟರ್ ಪೇವಿಂಗ್ ಕಾಯ್ದೆ ಈ ಕೆಲಸವನ್ನು ಮನೆಯವರ ಕೈಯಿಂದ ತೆಗೆದು ಆಯುಕ್ತರ ಮಂಡಳಿಯೊಂದಕ್ಕೆ ಒಪ್ಪಿಸಿತು. ಮನೆಯವರು ಕೆಲಸದ ಬದಲು ಕರ ಕೊಡತೊಡಗಿದರು. ಅಂದರೆ ತುಂಡುತುಂಡಾಗಿ ಹಂಚಿದ ಹೊಣೆಯಿಂದ ಸಮತಲವಾದ ದಾರಿ ಹುಟ್ಟುವುದಿಲ್ಲ ಎಂಬುದು ಎರಡೂವರೆ ಶತಮಾನಗಳ ಹಿಂದೆಯೇ ಒಂದು ದೊಡ್ಡ ನಗರಕ್ಕೆ ತಿಳಿದುಹೋಗಿತ್ತು. ನ್ಯೂಯಾರ್ಕಿನ ಕಥೆಯನ್ನು ಓದುವಾಗ ಈ ಸಂಗತಿ ನನ್ನ ಮನಸ್ಸಿನಿಂದ ಒಮ್ಮೆಯೂ ಆಚೆ ಹೋಗಲಿಲ್ಲ.

ನ್ಯೂಯಾರ್ಕ್ ಡಚ್ಚರ ಕೈಯಲ್ಲಿ ನ್ಯೂ ಆಮ್‌ಸ್ಟರ್‌ಡ್ಯಾಮ್ ಆಗಿದ್ದ ಕಾಲದಲ್ಲಿ, 1658ರ ಹೊತ್ತಿಗೆ, ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಒಂದು ಬೀದಿಗೆ ಕಲ್ಲು ಹಾಸಲಾಯಿತು. ಇಂದಿಗೂ ಅದರ ಹೆಸರು ಸ್ಟೋನ್ ಸ್ಟ್ರೀಟ್. ಹತ್ತೊಂಬತ್ತನೆಯ ಶತಮಾನದಲ್ಲಿ ನಗರ ಉತ್ತರಕ್ಕೆ ಬೆಳೆದಂತೆ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಸುತ್ತಲಿನ ಗಣಿಗಳಿಂದ ಹಡ್ಸನ್ ನದಿಯ ಮೂಲಕ ಬಂದ ನೀಲಿಛಾಯೆಯ ಚಪ್ಪಡಿಕಲ್ಲು ಫುಟ್‌ಪಾತುಗಳ ಮೇಲೆ ಹರಡಿತು. ಬ್ರೂಕ್ಲಿನ್ನಿನ ಹಳೆಯ ಬಡಾವಣೆಗಳಲ್ಲಿ ಅದರ ಮೇಲೆ ಈಗಲೂ ನಡೆಯಬಹುದು. ಕಾಂಕ್ರೀಟು ಬಂದು ಕಲ್ಲಿನ ಜಾಗವನ್ನು ಹಿಡಿದ ಮೇಲೂ ಎರಕವನ್ನು ಚೌಕಚೌಕವಾಗಿ ಗೆರೆ ಎಳೆದು ವಿಭಾಗಿಸುವ ಪದ್ಧತಿ ಉಳಿಯಿತು. ಇಲಾಖೆಯ ಕಾಗದಗಳಲ್ಲಿ ಎಣಿಕೆ ನಡೆಯುವುದು ಇಂದಿಗೂ ಈ ಚೌಕಗಳ ಲೆಕ್ಕದಲ್ಲೇ.

ಇಲ್ಲಿ ಎರಡು ಹೊಣೆಗಳನ್ನು ಬೇರೆಬೇರೆಯಾಗಿ ನೋಡದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲನೆಯದು ದುರಸ್ತಿಯ ಹೊಣೆ, ಎಂದರೆ ಚಪ್ಪಡಿಯನ್ನು ಸರಿಪಡಿಸುವ ಖರ್ಚು. ಎರಡನೆಯದು ಪರಿಹಾರದ ಹೊಣೆ, ಎಂದರೆ ಆ ಚಪ್ಪಡಿಯಿಂದ ಎಡವಿ ಬಿದ್ದವರಿಗೆ ಕೊಡಬೇಕಾದ ಹಣ. ನ್ಯೂಯಾರ್ಕಿನಲ್ಲಿ ದುರಸ್ತಿಯನ್ನು ಮಾಲೀಕರ ಮೇಲೆ ಹಾಕುವ ನಿಯಮ ಹಳೆಯದು. ಆದರೆ ಗಾಯಗೊಂಡವರು ನ್ಯಾಯಾಲಯಕ್ಕೆ ಹೋದಾಗ ಉತ್ತರ ಕೊಡಬೇಕಾಗಿದ್ದುದು ಬಹುಮಟ್ಟಿಗೆ ನಗರಾಡಳಿತ. ಮಾಲೀಕರು ತಾವೇ ದೋಷವನ್ನು ಉಂಟುಮಾಡಿದ್ದರೆ, ಅಥವಾ ಫುಟ್‌ಪಾತನ್ನು ತಮ್ಮ ವಿಶೇಷ ಉಪಯೋಗಕ್ಕೆ ಬಳಸಿಕೊಂಡಿದ್ದರೆ ಮಾತ್ರ ಅವರನ್ನು ಹಿಡಿಯಲು ಸಾಧ್ಯವಿತ್ತು. ಹೀಗೆ ಸರಿಪಡಿಸಬೇಕಾದವರು ಒಬ್ಬರು, ಸರಿಪಡಿಸದಿದ್ದುದರ ಬೆಲೆ ತೆರುವವರು ಇನ್ನೊಬ್ಬರು ಎಂಬ ಸ್ಥಿತಿ ಬಹುಕಾಲ ನಡೆಯಿತು. ಸೋಮಾರಿ ಮಾಲೀಕರಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಇರಲಾರದು.

ಈ ಭಾರವನ್ನು ಇಳಿಸಿಕೊಳ್ಳಲು ನಗರ ಮೊದಲು ಹಿಡಿದ ದಾರಿ ಲಿಖಿತ ಸೂಚನೆಯ ಕಾನೂನು. 1979ರಲ್ಲಿ ಅಂಗೀಕಾರವಾಗಿ 1980ರಲ್ಲಿ ಜಾರಿಗೆ ಬಂದ ಈ ಕಾನೂನಿನ ಪ್ರಕಾರ, ಇಂಥ ಜಾಗದಲ್ಲಿ ಇಂಥ ದೋಷವಿದೆಯೆಂದು ಯಾರಾದರೂ ಮೊದಲೇ ಬರೆದು ತಿಳಿಸಿರಬೇಕು, ತಿಳಿಸಿದ ನಂತರ 15 ದಿನಗಳೊಳಗೆ ನಗರ ಸರಿಪಡಿಸದೆ ಇದ್ದಿರಬೇಕು, ಆಗ ಮಾತ್ರ ಬಿದ್ದವರು ನಗರದ ಮೇಲೆ ದಾವೆ ಹೂಡಬಹುದು. ದಾರಿಯಲ್ಲಿ ಹೋಗುವವರು ಹಳ್ಳ ಕಂಡಕೂಡಲೇ ಇಲಾಖೆಗೆ ಪತ್ರ ಬರೆಯುತ್ತಾರೆಂದು ಯಾರೂ ನಿರೀಕ್ಷಿಸಲಾರರು. ಆದ್ದರಿಂದ ಗಾಯಾಳುಗಳ ಪರ ವಾದಿಸುವ ವಕೀಲರ ಸಂಘ 1982ರಲ್ಲಿ ಬಿಗ್ ಆ್ಯಪಲ್ ಪಾಟ್‌ಹೋಲ್ ಆ್ಯಂಡ್ ಸೈಡ್‌ವಾಕ್ ಪ್ರೊಟೆಕ್ಷನ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿತು. ಅದರ ಕೆಲಸಗಾರರು ನಗರದ ಐದೂ ಬರೋಗಳ, ಅಂದರೆ ಆಡಳಿತ ವಿಭಾಗಗಳ, ಬೀದಿಗಳನ್ನು ನಡೆದು ನೋಡಿ, ಒಡೆದ ಚಪ್ಪಡಿಗೆ ಒಂದು ಚಿಹ್ನೆ, ಮೇಲೆದ್ದದ್ದಕ್ಕೆ ಇನ್ನೊಂದು, ಹಳ್ಳಕ್ಕೆ ಮತ್ತೊಂದು ಎಂದು ನಕ್ಷೆಗಳ ಮೇಲೆ ಗುರುತು ಹಾಕಿ, ಆ ನಕ್ಷೆಗಳನ್ನು ಸಾರಿಗೆ ಇಲಾಖೆಗೆ ಸಲ್ಲಿಸಿದರು. ಪ್ರತಿಯೊಂದು ಗುರುತೂ ಒಂದೊಂದು ಲಿಖಿತ ಸೂಚನೆಯಾಯಿತು.

ಈ ನಕ್ಷೆಗಳ ಬಗ್ಗೆ ನನಗೆ ನಿಜವಾದ ಗೌರವವಿದೆ. ಹಣದ ಉದ್ದೇಶದಿಂದ ಹುಟ್ಟಿದ್ದೇ ಇರಲಿ, ಇಡೀ ನಗರದ ಫುಟ್‌ಪಾತುಗಳ ದೋಷಗಳನ್ನು ಕಾಲ್ನಡಿಗೆಯಲ್ಲಿ ನೋಡಿ ದಾಖಲಿಸಿದ ಇಷ್ಟು ದೊಡ್ಡ ಪ್ರಯತ್ನ ಅಪರೂಪದ್ದು. ದುರ್ದೈವವೆಂದರೆ ಆ ಮಾಹಿತಿ ದುರಸ್ತಿಯ ಯೋಜನೆಯಾಗುವುದರ ಬದಲು ದಾವೆಗಳ ಸಾಕ್ಷ್ಯವಾಗಿ ಉಳಿಯಿತು. 2008ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ಸ್ ಮುಂದೆ ಬಂದ ಪ್ರಕರಣವೊಂದರಲ್ಲಿ ಇಡೀ ವಾದ ನಕ್ಷೆಯ ಮೇಲಿನ ಒಂದು ಪುಟ್ಟ ಗುರುತಿನ ಸುತ್ತ ನಡೆಯಿತು. ಆ ಗುರುತು ಸರಿಯಾಗಿ ಮೂಡದ ಎಕ್ಸ್ ಅಕ್ಷರವೋ, ಹೀಬ್ರೂ ಲಿಪಿಯ ಶಿನ್ ಅಕ್ಷರವೋ, ಹಿಡಿಯಿಲ್ಲದ ಕವಲುಗೋಲೋ ಎಂದು ಹೇಳಲಾಗದಂತಿತ್ತು. ಅದು ಯಾವ ದೋಷವನ್ನು ಸೂಚಿಸುತ್ತದೆಂದು ಸ್ಪಷ್ಟವಾಗದ ಕಾರಣ ನಗರಕ್ಕೆ ಸೂಚನೆ ತಲುಪಿದೆಯೆಂದು ಒಪ್ಪಲಾಗದೆಂದು ನ್ಯಾಯಾಲಯ ತೀರ್ಪಿತ್ತಿತು. ಬಿದ್ದು ಗಾಯಗೊಂಡ ವ್ಯಕ್ತಿಯ ಅಳಲಿಗೂ ಒಂದು ಗೆರೆಯ ಆಕಾರಕ್ಕೂ ಇಂಥ ಗಂಟು ಬೀಳುವಂತೆ ಮಾಡಿದ ಕಾನೂನು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ.

ಅಷ್ಟರಲ್ಲಿ ನಗರ ಎರಡನೆಯ ಮತ್ತು ಹೆಚ್ಚು ದೊಡ್ಡ ಹೆಜ್ಜೆಯನ್ನು ಇಟ್ಟಾಗಿತ್ತು. ಮೈಕೆಲ್ ಬ್ಲೂಮ್‌ಬರ್ಗ್ ಮೇಯರ್ ಆಗಿದ್ದಾಗ, 2003ರ ಸೆಪ್ಟೆಂಬರ್ 14ರಿಂದ ಜಾರಿಗೆ ಬಂದ ಆಡಳಿತ ಸಂಹಿತೆಯ 7-210ನೇ ಸೆಕ್ಷನ್, ಫುಟ್‌ಪಾತನ್ನು ಸಾಕಷ್ಟು ಸುರಕ್ಷಿತ ಸ್ಥಿತಿಯಲ್ಲಿ ಇಡುವ ಕರ್ತವ್ಯವನ್ನು ಪಕ್ಕದ ಆಸ್ತಿಯ ಮಾಲೀಕರಿಗೆ ವಹಿಸಿ, ಆ ಕರ್ತವ್ಯ ತಪ್ಪಿದ್ದರಿಂದ ಆಗುವ ಗಾಯಗಳ ಪರಿಹಾರವನ್ನೂ ಅವರ ತಲೆಯ ಮೇಲೆ ಹೊರಿಸಿತು. ಇದಕ್ಕೆ ಒಂದು ವಿನಾಯಿತಿ ಇದೆ. ಒಂದು, ಎರಡು ಅಥವಾ ಮೂರು ಕುಟುಂಬಗಳ ವಾಸದ ಮನೆಯಾಗಿದ್ದು, ಮಾಲೀಕರೇ ಅದರಲ್ಲಿ ಪೂರ್ತಿಯಾಗಿಯೋ ಭಾಗಶಃವೋ ವಾಸವಿದ್ದು, ಕಟ್ಟಡವನ್ನು ವಾಸಕ್ಕಲ್ಲದೆ ಬೇರೇನಕ್ಕೂ ಬಳಸದಿದ್ದರೆ ಪರಿಹಾರದ ಹೊಣೆ ಮೊದಲಿನಂತೆ ನಗರದ್ದೇ ಆಗಿರುತ್ತದೆ. ಈ ವಿನಾಯಿತಿಯನ್ನು ಬಹಳ ಮಂದಿ ತಪ್ಪಾಗಿ ಓದಿಕೊಳ್ಳುತ್ತಾರೆ. ಅದು ಪರಿಹಾರಕ್ಕೆ ಮಾತ್ರ ಅನ್ವಯಿಸುತ್ತದೆ. ಕ್ವೀನ್ಸ್‌ನಲ್ಲಿ ತಾವೇ ವಾಸಿಸುವ ಪುಟ್ಟ ಮನೆಯ ಮಾಲೀಕರಿಗೂ ಚಪ್ಪಡಿಯ ದುರಸ್ತಿಯಿಂದ ಬಿಡುಗಡೆಯಿಲ್ಲ, ಅವರ ಬಾಗಿಲಿಗೂ ನೋಟಿಸ್ ಬರುತ್ತದೆ. ಮನೆಯ ಒಂದು ಕೋಣೆಯಲ್ಲಿ ವ್ಯಾಪಾರ ನಡೆಸತೊಡಗಿದರೆ, ಅಥವಾ ಮನೆಯನ್ನು ಪೂರ್ತಿಯಾಗಿ ಬಾಡಿಗೆಗೆ ಕೊಟ್ಟು ಬೇರೆಡೆ ವಾಸಕ್ಕೆ ಹೋದರೆ, ಪರಿಹಾರದ ವಿನಾಯಿತಿಯೂ ಕೈತಪ್ಪಬಹುದು. ಆ ನಗರದಲ್ಲಿ ಮನೆ ಕೊಳ್ಳುವ ಯೋಚನೆಯಲ್ಲಿರುವ ನಮ್ಮವರು ವಿಮೆಯ ಪಾಲಿಸಿಗೆ ಸಹಿ ಹಾಕುವ ಮುನ್ನ ಈ ವ್ಯತ್ಯಾಸವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಈಗ ಸೇವೆಯ ವಿಷಯಕ್ಕೆ ಬರುತ್ತೇನೆ. ನಗರದ ಫುಟ್‌ಪಾತುಗಳ ಒಟ್ಟು ಉದ್ದ 12,000 ಮೈಲಿಗೂ ಹೆಚ್ಚು. ಇಲಾಖೆಯ ಪರಿವೀಕ್ಷಕರು ಸಾರ್ವಜನಿಕರ ದೂರಿನ ಮೇರೆಗೂ ತಾವಾಗಿಯೂ ಸ್ಥಳಕ್ಕೆ ಹೋಗುತ್ತಾರೆ. ಯಾವುದನ್ನು ದೋಷವೆಂದು ಕರೆಯಬೇಕೆಂಬುದು ಸಂಹಿತೆಯ 19-152ನೇ ಸೆಕ್ಷನ್ನಿನಲ್ಲಿ ಬಿಡಿಬಿಡಿಯಾಗಿ ಬರೆದಿದೆ. ಅಕ್ಕಪಕ್ಕದ ಎರಡು ಚಪ್ಪಡಿಗಳ ನಡುವೆ ಅರ್ಧ ಅಂಗುಲ ಅಥವಾ ಅದಕ್ಕಿಂತ ಹೆಚ್ಚು ಎತ್ತರದ ವ್ಯತ್ಯಾಸವಿದ್ದರೆ ಅದು ಎಡವುವ ಅಪಾಯ. ಚಪ್ಪಡಿಯ ಮೈಮೇಲಿನ ಗುಳಿ ಎಲ್ಲ ದಿಕ್ಕಿನಲ್ಲೂ ಒಂದು ಅಂಗುಲಕ್ಕೆ ಕಡಿಮೆಯಿಲ್ಲದೆ, ಅರ್ಧ ಅಂಗುಲದಷ್ಟು ಆಳವಿದ್ದರೆ ಅದೂ ಅಪಾಯವೇ. ತುಂಡುಗಳು ಸಡಿಲವಾಗಿ ಕಿತ್ತುಬರುವಂತೆ ಬಿರುಕು ಬಿಟ್ಟದ್ದು, ಚಪ್ಪಡಿಯೇ ಇಲ್ಲದಿರುವುದು, ಅಡಿಯ ಮಣ್ಣು ಕೊಚ್ಚಿಹೋಗಿ ಟೊಳ್ಳಾದದ್ದು, ನೀರು ಹರಿಯದಂತೆ ಇಳಿಜಾರು ತಪ್ಪಿದ್ದು ಪಟ್ಟಿಯಲ್ಲಿವೆ. ಮ್ಯಾನ್‌ಹಟನ್ನಿನ ಅಂಗಡಿಗಳ ಮುಂದೆ ನೆಲಮಾಳಿಗೆಗೆ ಇಳಿಯಲು ಫುಟ್‌ಪಾತಿನಲ್ಲೇ ಅಳವಡಿಸಿದ ಲೋಹದ ಬಾಗಿಲುಗಳಿರುತ್ತವಲ್ಲ, ಅವುಗಳ ಮೇಲೆ ಕಾಲಿಟ್ಟಾಗ ಒಂದು ಅಂಗುಲಕ್ಕಿಂತ ಹೆಚ್ಚು ಬಾಗಿದರೆ ಅದೂ ದೋಷವೆಂದು ಸಂಹಿತೆ ಹೇಳುತ್ತದೆ. ಹೊಂದಿಕೆಯಾಗದ ಸಾಮಗ್ರಿಯಿಂದ ಹಾಕಿದ ತೇಪೆಯೂ ಅಷ್ಟೇ.

ಈ ಸೇವೆಯಲ್ಲಿ ನಾನು ಮನಸಾರೆ ಮೆಚ್ಚುವ ಭಾಗ ಇದು. ಒಳ್ಳೆಯ ಫುಟ್‌ಪಾತ್ ಎಂದರೇನೆಂದು ಕೇಳಿದರೆ ಎಷ್ಟೋ ನಗರಗಳ ಆಡಳಿತಗಳು ಸುಂದರವಾದ ವಿಶೇಷಣಗಳನ್ನು ಕೊಡುತ್ತವೆ. ನ್ಯೂಯಾರ್ಕ್ ಅಳತೆಪಟ್ಟಿಯನ್ನು ಕೊಟ್ಟಿದೆ. ಅರ್ಧ ಅಂಗುಲವೆಂಬುದು ನೋಡಲು ಅಲ್ಪವಾದರೂ, ಕಾಲನ್ನು ಹೆಚ್ಚು ಎತ್ತಲಾಗದೆ ನೆಲಕ್ಕೆ ತಾಕಿಸಿಕೊಂಡೇ ನಡೆಯುವ ವೃದ್ಧರಿಗೆ ಅದು ತೊಡೆಯ ಮೂಳೆ ಮುರಿಯಲು ಸಾಕಾಗುವ ಎತ್ತರ. ಸಂಹಿತೆ ಆ ಹೆಜ್ಜೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿರುವುದು ಸರಿಯಾದ ವಿವೇಕ. ಪರಿಶೀಲನೆಯ ನಂತರ ಮಾಲೀಕರಿಗೆ ಬರುವ ನೋಟಿಸಿನ ಜೊತೆಗೆ ಆ ಆಸ್ತಿಯ ಮುಂದಿನ ಫುಟ್‌ಪಾತಿನ ರೇಖಾಚಿತ್ರ ಇರುತ್ತದೆ. ಯಾವ ಚೌಕ ಕೆಟ್ಟಿದೆ, ಯಾವ ಬಗೆಯ ದೋಷ, ಎಷ್ಟು ಚದರಡಿ ಬದಲಾಯಿಸಬೇಕು ಎಂಬುದನ್ನು ಅದರಲ್ಲಿ ಗುರುತಿಸಿರುತ್ತಾರೆ. ಗುತ್ತಿಗೆದಾರರೊಂದಿಗೆ ದರದ ಮಾತನಾಡುವಾಗ ಈ ಚಿತ್ರ ಮಾಲೀಕರಿಗೆ ದೊಡ್ಡ ಆಸರೆ. ಇಡೀ ಮುಂಭಾಗವನ್ನೇ ಅಗೆಯಬೇಕೆಂದು ಯಾರಾದರೂ ಹೇಳಿದರೆ, ಇಲಾಖೆ ಗುರುತಿಸಿದ ಚೌಕಗಳಿಷ್ಟೇ ಎಂದು ಕಾಗದವನ್ನು ಮುಂದಿಡಬಹುದು.

ನೋಟಿಸ್ ಬಂದ ದಿನದಿಂದ ಮಾಲೀಕರಿಗೆ 75 ದಿನಗಳ ಕಾಲಾವಕಾಶವಿದೆ. ನೋಟಿಸಿಗೆ ದಂಡವಿಲ್ಲ. ಪರಿಶೀಲನೆ ತಪ್ಪೆನಿಸಿದರೆ ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ಮರುಪರಿಶೀಲನೆ ಕೇಳಬಹುದು, ಆಗ ಬೇರೊಬ್ಬ ಪರಿವೀಕ್ಷಕರು ಬರುತ್ತಾರೆ. ಕೆಲಸ ಮಾಡಿಸುವವರು ಮೊದಲು ಪರವಾನಗಿ ಪಡೆಯಬೇಕು. ಸಾಮಾನ್ಯ ಚಪ್ಪಡಿಗೆ ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು, ವಾಹನ ಹಾಯುವ ಕಡೆ ಮತ್ತು ಬೀದಿಯ ಮೂಲೆಗಳಲ್ಲಿ ಏಳು ಅಂಗುಲ ಎಂಬ ನಿರ್ದಿಷ್ಟ ಪ್ರಮಾಣವನ್ನು ಪಾಲಿಸಬೇಕು. ಗಡುವು ಮೀರಿದರೆ ಇಲಾಖೆಯ ಗುತ್ತಿಗೆದಾರರು ಬಂದು ಮಾಡಬಹುದು, ಖರ್ಚಿನ ಬಿಲ್ಲನ್ನು ಹಣಕಾಸು ಇಲಾಖೆ ಕಳುಹಿಸುತ್ತದೆ. ಆದರೆ ಇಲ್ಲಿ ಸೇವೆಯ ಮೊದಲ ಸಡಿಲ ಗಂಟು ಕಾಣುತ್ತದೆ. ಮಾಲೀಕರಿಗೆ 75 ದಿನಗಳ ಗಡುವು ಇರುವಂತೆ ನಗರಕ್ಕೆ ಯಾವ ಗಡುವೂ ಇಲ್ಲ. ಗುತ್ತಿಗೆದಾರರು ಬಡಾವಣೆಯಿಂದ ಬಡಾವಣೆಗೆ ಸರದಿಯ ಮೇಲೆ ಹೋಗುವುದರಿಂದ, ನೋಟಿಸ್ ಪಡೆದ ಚಪ್ಪಡಿ ಬಹುಕಾಲ ಹಾಗೆಯೇ ಉಳಿಯಬಹುದು. ಆ ಅವಧಿಯುದ್ದಕ್ಕೂ ನೋಟಿಸಿನ ಒಂದು ಪ್ರತಿ ಕೌಂಟಿ ಗುಮಾಸ್ತರ ಕಚೇರಿಯಲ್ಲಿ ಆಸ್ತಿಯ ಹೆಸರಿನಲ್ಲಿ ದಾಖಲಾಗಿರುತ್ತದೆ. ಮನೆ ಮಾರುವಾಗಲೋ ಸಾಲವನ್ನು ಬದಲಾಯಿಸಿಕೊಳ್ಳುವಾಗಲೋ ಅದು ಎದುರು ನಿಲ್ಲುತ್ತದೆ. ಹೀಗಾಗಿ ನೋಟಿಸಿನ ಬಿಸಿ ಮಾಲೀಕರಿಗೆ ತಾಗುವುದು ಆಸ್ತಿಯ ವ್ಯವಹಾರದ ಹೊತ್ತಿನಲ್ಲಿ. ಮಾರುವ ಯೋಚನೆಯೇ ಇಲ್ಲದ ಮಾಲೀಕರ ಮುಂದೆ ನಡೆಯುವವರ ಪಾಡು ಏನೆಂಬುದಕ್ಕೆ ಸೇವೆಯಲ್ಲಿ ಉತ್ತರ ತೆಳುವಾಗಿದೆ.

ಇದರ ಜೊತೆಗೆ, ಅರ್ಧ ಅಂಗುಲವೆಂಬುದು ನೋಟಿಸಿನ ಅಳತೆಯೇ ಹೊರತು ನ್ಯಾಯಾಲಯದ ಅಳತೆಯಲ್ಲ. 2015ರಲ್ಲಿ ಕೋರ್ಟ್ ಆಫ್ ಅಪೀಲ್ಸ್, ಇಷ್ಟು ಎತ್ತರಕ್ಕಿಂತ ಕಡಿಮೆಯಿದ್ದರೆ ದೋಷ ಕ್ಷುಲ್ಲಕ ಎಂದು ಒಂದೇ ಅಂಕಿಯಿಂದ ತೀರ್ಮಾನಿಸುವಂತಿಲ್ಲ, ಜಾಗದ ಬೆಳಕು, ಜನಸಂದಣಿ, ದೋಷದ ಆಕಾರ ಮುಂತಾದ ಎಲ್ಲವನ್ನೂ ಕೂಡಿಸಿ ನೋಡಬೇಕೆಂದು ಹೇಳಿತು. ಈ ನಿಲುವು ಮಾಲೀಕರಿಗೆ ಕಿರಿಕಿರಿ ತರಬಹುದು. ನನಗೆ ಅದು ನ್ಯಾಯವಾಗಿಯೇ ತೋರುತ್ತದೆ, ಏಕೆಂದರೆ ಕತ್ತಲಲ್ಲಿ, ಜನರ ಕಾಲುಗಳ ನಡುವೆ ಮರೆಯಾದ ಕಾಲು ಅಂಗುಲದ ಲೋಹದ ಮೊಳೆಯೂ ಕೆಡವಬಲ್ಲದು.

ಮರಗಳ ವಿಷಯದಲ್ಲಿ ಈ ವ್ಯವಸ್ಥೆ ಬಹುಕಾಲ ಅನ್ಯಾಯವನ್ನೇ ಮಾಡಿತು. 2015ರ ಗಣತಿಯ ಪ್ರಕಾರ ನಗರದ ಬೀದಿಬದಿಯಲ್ಲಿ ಸುಮಾರು 6,66,000 ಮರಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನವು ಲಂಡನ್ ಪ್ಲೇನ್ ಜಾತಿಯವು. ಬೇರು ದಪ್ಪವಾದಂತೆ ಚಪ್ಪಡಿಯನ್ನು ಕೆಳಗಿನಿಂದ ಎತ್ತುತ್ತದೆ. ಚಿಕ್ಕ ಗುಂಡಿಯಲ್ಲಿ, ತುಳಿತದಿಂದ ಗಟ್ಟಿಯಾದ ಮಣ್ಣಿನಲ್ಲಿ ನೆಟ್ಟ ಮರಕ್ಕೆ ಗಾಳಿಯೂ ತೇವವೂ ಸಿಗುವುದು ಕಾಂಕ್ರೀಟಿನ ಅಡಿಯ ಸಡಿಲ ಪದರದಲ್ಲಿ, ಆದ್ದರಿಂದ ಬೇರು ಅತ್ತಲೇ ಹೋಗುತ್ತದೆ. ಮರ ನಗರದ್ದು, ಅದನ್ನು ಕಡಿಯುವ ಅಥವಾ ಬೇರು ಕತ್ತರಿಸುವ ಅಧಿಕಾರ ಮನೆಯವರಿಗಿಲ್ಲ, ಆದರೆ ಅದು ಎತ್ತಿದ ಚಪ್ಪಡಿಯ ಖರ್ಚು ಮಾತ್ರ ಮನೆಯವರದು ಎಂಬ ಸ್ಥಿತಿಯನ್ನು ಯಾವ ನ್ಯಾಯದ ಮಾತಿನಿಂದಲೂ ಸಮರ್ಥಿಸಲಾಗದು. 2019ರಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತ ಇದನ್ನು ಒಪ್ಪಿಕೊಂಡಿತು. ಒಂದರಿಂದ ಮೂರು ಕುಟುಂಬಗಳ ಮನೆಗಳ ಮುಂದೆ ಹಾನಿಗೆ ನಗರದ ಮರವೊಂದೇ ಕಾರಣವಾಗಿದ್ದರೆ ದುರಸ್ತಿಯ ಖರ್ಚಿಗಾಗಿ ಆಸ್ತಿಯ ಮೇಲೆ ಋಣಭಾರ ಹೇರುವುದಿಲ್ಲವೆಂದು ಪ್ರಕಟಿಸಿತು. ಉದ್ಯಾನ ಇಲಾಖೆಯ ಇನ್ನೊಂದು ಕಾರ್ಯಕ್ರಮದಡಿ ಇಂಥ ಮನೆಗಳ ಮುಂದಿನ ಬೇರಿನ ಹಾನಿಯನ್ನು, ಅದರ ತೀವ್ರತೆಯನ್ನು ಅಳೆದು ಆದ್ಯತೆಯ ಮೇರೆಗೆ, ಮರವನ್ನು ಉಳಿಸಿಕೊಂಡೇ ನಗರದ ಖರ್ಚಿನಲ್ಲಿ ಸರಿಪಡಿಸಲಾಗುತ್ತದೆ. ನೆರಳು ಕೊಡುವ ಮರವನ್ನು ಮನೆಯವರು ಶತ್ರುವಾಗಿ ಕಾಣುವಂತೆ ಮಾಡುತ್ತಿದ್ದ ನಿಯಮ ಸಡಿಲವಾದದ್ದು ಈ ಸೇವೆಯ ಇತ್ತೀಚಿನ ಚರಿತ್ರೆಯಲ್ಲಿ ಅತ್ಯಂತ ಒಳ್ಳೆಯ ಬದಲಾವಣೆ. ದೊಡ್ಡ ಕಟ್ಟಡಗಳ ಮಾಲೀಕರಿಗೆ ಈ ಸೌಲಭ್ಯ ಇಲ್ಲ.

ನನ್ನ ಮುಖ್ಯ ಆಕ್ಷೇಪ ಹೊಣೆಯ ಹಂಚಿಕೆಯ ಮೇಲೆ. ಒಂದು ಬೀದಿಯ ಮೂಲೆಯಲ್ಲಿ ನಿಂತು ನೆಲವನ್ನು ನೋಡಿದರೆ ಕಾಣುವುದು ಒಂದೇ ಬೂದುಬಣ್ಣದ ಹಾಸು. ಕಾನೂನಿನ ಕಣ್ಣಿಗೆ ಅಲ್ಲಿ ಹಲವು ಒಡೆತನಗಳಿವೆ. ಕಟ್ಟಡದ ಮುಂದಿನ ಚಪ್ಪಡಿ ಮತ್ತು ಮೂಲೆಯ ಚೌಕ ಪಕ್ಕದ ಮಾಲೀಕರದು. ರಸ್ತೆಯ ಅಂಚಿನ ಕರ್ಬ್ ಕಲ್ಲು ಫುಟ್‌ಪಾತಿನ ವ್ಯಾಖ್ಯೆಯಲ್ಲಿ ಸೇರಿಲ್ಲ. ಗಾಲಿಕುರ್ಚಿ ಇಳಿಯಲು ಮಾಡಿದ ಇಳಿಜಾರು ಮಾಲೀಕರ ಕರ್ತವ್ಯಕ್ಕೆ ಒಳಪಡುವುದಿಲ್ಲವೆಂದು ಕೋರ್ಟ್ ಆಫ್ ಅಪೀಲ್ಸ್‌ಗಿಂತ ಕೆಳಹಂತದ ಮೇಲ್ಮನವಿ ನ್ಯಾಯಾಲಯ ಹೇಳಿದೆ. ವಿದ್ಯುತ್, ಅನಿಲ, ದೂರವಾಣಿ ಕಂಪನಿಗಳ ಮುಚ್ಚಳ ಇದ್ದರೆ, ಆ ಮುಚ್ಚಳವೂ ಅದರ ಸುತ್ತಲಿನ 12 ಅಂಗುಲದ ಪಟ್ಟಿಯೂ ಆಯಾ ಕಂಪನಿಯದು. ಮರದ ಬುಡದ ಚೌಕ ಫುಟ್‌ಪಾತಿನ ಭಾಗವೇ ಅಲ್ಲವೆಂದು 2008ರಲ್ಲಿ ಕೋರ್ಟ್ ಆಫ್ ಅಪೀಲ್ಸ್ ತೀರ್ಮಾನಿಸಿತು, ಆದ್ದರಿಂದ ಅದರಲ್ಲಿ ಕಾಲು ಹೂತು ಬಿದ್ದವರು ಮಾಲೀಕರನ್ನು 7-210ನೇ ಸೆಕ್ಷನ್ನಿನಡಿ ಹಿಡಿಯುವಂತಿಲ್ಲ. ಹತ್ತು ಹೆಜ್ಜೆ ನಡೆಯುವುದರೊಳಗೆ ಪಾದಚಾರಿ ಇಷ್ಟು ಗಡಿಗಳನ್ನು ದಾಟಿರುತ್ತಾರೆ, ಒಂದೂ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಎರಡು ಆಸ್ತಿಗಳು ಕೂಡುವ ಗೆರೆಯ ಮೇಲೆ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬರ ಚಪ್ಪಡಿ ತಗ್ಗಿ ಇನ್ನೊಬ್ಬರದು ಎತ್ತರದಲ್ಲೇ ಉಳಿದಾಗ ಎಡವುವ ಅಂಚು ಯಾರದು? ಬಿದ್ದ ಜಾಗ ಯಾರ ಮುಂದೆ ಇದೆಯೆಂಬುದೊಂದೇ ಪ್ರಶ್ನೆಯನ್ನು ಮುಗಿಸಲಾರದು, ತನ್ನ ಭಾಗವನ್ನು ಸರಿಯಾಗಿ ಇಡದಿದ್ದುದು ಅಪಘಾತಕ್ಕೆ ಕಾರಣವಾಗಿದ್ದರೆ ಪಕ್ಕದ ಮಾಲೀಕರೂ ಹೊಣೆಯಾಗಬಹುದೆಂದು ಕೋರ್ಟ್ ಆಫ್ ಅಪೀಲ್ಸ್ 2016ರಲ್ಲಿ ಹೇಳಿತು. 2019ರಲ್ಲಿ ಇನ್ನೊಂದು ತೀರ್ಪು, ಕಟ್ಟಡವನ್ನು ಪೂರ್ತಿಯಾಗಿ ಗುತ್ತಿಗೆಗೆ ಕೊಟ್ಟು ತಾವು ದೂರವಿದ್ದರೂ ಫುಟ್‌ಪಾತಿನ ಕರ್ತವ್ಯವನ್ನು ಮಾಲೀಕರು ಬಾಡಿಗೆದಾರರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲವೆಂದು ಸ್ಪಷ್ಟಪಡಿಸಿತು. ಈ ಎರಡೂ ತೀರ್ಪುಗಳು ನಡೆಯುವವರ ಪರವಾಗಿವೆ, ಅದು ಸಂತೋಷದ ಸಂಗತಿ. ಆದರೆ ಒಂದು ಅಂಚು ಯಾರದೆಂದು ತಿಳಿಯಲು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಗಿ ಬಂದದ್ದೇ ಹಂಚಿಕೆಯ ದೋಷಕ್ಕೆ ಸಾಕಷ್ಟು ಸಾಕ್ಷಿ. ನಗರ ತನ್ನ ಪಾಲಿನ ತುಂಡುಗಳನ್ನಾದರೂ ತಾನಾಗಿ ಚೆನ್ನಾಗಿ ಇಟ್ಟುಕೊಂಡಿತೇ ಎಂದು ಕೇಳಿದರೆ, ಅಂಗವಿಕಲರ ಸಂಘಟನೆಗಳು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿದ ನಂತರ, 2019ರ ಒಪ್ಪಂದದಲ್ಲಿ ಸುಮಾರು 1,62,000 ಮೂಲೆಗಳನ್ನೂ ಸಮೀಕ್ಷೆ ಮಾಡಿ ಇಳಿಜಾರುಗಳನ್ನು ಸರಿಪಡಿಸಲು ಅದು ಒಪ್ಪಬೇಕಾಯಿತು ಎಂಬುದನ್ನು ನೆನೆಯಬೇಕು. ಮಾಲೀಕರಿಗೆ ಅರ್ಧ ಅಂಗುಲದ ಲೆಕ್ಕ ಹೇಳುವ ನಗರ ತನ್ನ ಪಾಲಿನ ಇಳಿಜಾರುಗಳಿಗೂ ಅದೇ ಕಟ್ಟುನಿಟ್ಟನ್ನು ಮೊದಲಿನಿಂದ ಅನ್ವಯಿಸಿಕೊಳ್ಳಬೇಕಿತ್ತು.

ಹಿಮದ ವಿಷಯ ಬೇರೆ, ಅದರಲ್ಲಿ ಮಾಲೀಕರ ಹೊಣೆ ನನಗೆ ಸಂಪೂರ್ಣ ಒಪ್ಪಿಗೆ. ಹಗಲಿನಲ್ಲಿ ಹಿಮ ಬೀಳುವುದು ನಿಂತ ನಾಲ್ಕು ಗಂಟೆಗಳೊಳಗೆ ಮುಂಭಾಗವನ್ನು ತೆರವು ಮಾಡಬೇಕೆಂಬ ನಿಯಮವನ್ನು ಹತ್ತಿರದಲ್ಲಿರುವವರು ಮಾತ್ರ ಪಾಲಿಸಬಲ್ಲರು. ಗುದ್ದಲಿ ಹಿಡಿದು ಮಾಡುವ ಕೆಲಸಕ್ಕೂ, ತಳಪಾಯ ಅಗೆದು ಕಾಂಕ್ರೀಟು ಸುರಿಯುವ ಕೆಲಸಕ್ಕೂ ಒಂದೇ ನೀತಿ ಇರಬೇಕಾಗಿಲ್ಲ.

ಬೇರೆ ದಾರಿಗಳಿಲ್ಲವೇ ಎಂದರೆ ಅಮೆರಿಕದಲ್ಲೇ ಇವೆ. ನ್ಯೂಯಾರ್ಕ್ ರಾಜ್ಯದ ಪುಟ್ಟ ನಗರ ಇಥಾಕಾ 2014ರಿಂದ ತನ್ನ ಪ್ರದೇಶವನ್ನು ಐದು ಫುಟ್‌ಪಾತ್ ಸುಧಾರಣಾ ವಲಯಗಳಾಗಿ ವಿಂಗಡಿಸಿ, ಚಿಕ್ಕ ಮನೆಗಳಿಂದ ವರ್ಷಕ್ಕೆ 70 ಡಾಲರ್‌ನಂತೆ ಸಂಗ್ರಹಿಸಿ ದುರಸ್ತಿಯನ್ನು ತಾನೇ ನಡೆಸತೊಡಗಿತು. ಕೊಲರಾಡೊದ ಡೆನ್ವರ್‌ನಲ್ಲಿ 2022ರ ನವೆಂಬರ್‌ನಲ್ಲಿ ಮತದಾರರೇ ಹಳೆಯ ಪದ್ಧತಿಯನ್ನು ಕೈಬಿಟ್ಟು ಹೊಣೆಯನ್ನು ನಗರಕ್ಕೆ ಒಪ್ಪಿಸಿದರು. ಮುಂಭಾಗದ ಉದ್ದಕ್ಕೆ ತಕ್ಕಂತೆ ಶುಲ್ಕವೆಂದು ಮೊದಲು ಬರೆದದ್ದನ್ನು ನಂತರ ತಿದ್ದಿ, 2025ರಿಂದ ಹೆಚ್ಚಿನ ಮನೆಗಳಿಗೆ ವರ್ಷಕ್ಕೆ 150 ಡಾಲರ್ ಎಂದು ನಿಗದಿ ಮಾಡಲಾಯಿತು. ಇದಕ್ಕೆ ಪ್ರತಿಯಾಗಿ ಲಾಸ್ ಏಂಜಲೀಸ್‌ನ ಉದಾಹರಣೆ ಎಚ್ಚರಿಕೆ ಕೊಡುತ್ತದೆ. ಅಲ್ಲಿ 1970ರ ದಶಕದಲ್ಲಿ ಮರದ ಬೇರಿನ ಹಾನಿಯನ್ನು ನಗರವೇ ಸರಿಪಡಿಸುವುದಾಗಿ ವಹಿಸಿಕೊಂಡು, ಅದಕ್ಕೆ ಕಾಯಂ ಹಣವನ್ನು ಮೀಸಲಿಡದೆ ಹೋಯಿತು. ಬಾಕಿ ಬೆಳೆದು, ಅಂಗವಿಕಲರ ಪರವಾದ ದಾವೆಯೊಂದರ ಇತ್ಯರ್ಥದಲ್ಲಿ ಮೂವತ್ತು ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡಲು ಆ ನಗರ ಒಪ್ಪಬೇಕಾಯಿತು. ಹೊಣೆಯನ್ನು ಹೊತ್ತುಕೊಂಡರೆ ಸಾಲದು, ಅದರ ಹಣವನ್ನೂ ವರ್ಷವರ್ಷ ಬೇರೆಯಾಗಿ ಎತ್ತಿಡಬೇಕು. ಡೆನ್ವರ್ ಮತ್ತು ಇಥಾಕಾಗಳು ಮಾಡಿದ್ದು ಅದನ್ನೇ.

ನ್ಯೂಯಾರ್ಕ್ ಈ ಗಾತ್ರದಲ್ಲಿ ಡೆನ್ವರ್‌ನ ಹಾದಿಯನ್ನು ಒಮ್ಮೆಲೇ ಹಿಡಿಯುವುದು ಕಷ್ಟ. ಆದರೆ ಮೂರು ಕುಟುಂಬಗಳವರೆಗಿನ ಮನೆಗಳಿಗಾದರೂ, ನೋಟಿಸಿನ ಮೇಲೆ ದೊಡ್ಡ ಬಿಲ್ಲು ಬೀಳುವ ಈಗಿನ ಪದ್ಧತಿಯ ಬದಲು ವಾರ್ಷಿಕ ಶುಲ್ಕವನ್ನು ತಂದು, ಒಂದು ಬೀದಿಯ ಇಡೀ ಒಂದು ಪಕ್ಕವನ್ನು ಒಟ್ಟಿಗೆ ದುರಸ್ತಿ ಮಾಡುವುದು ಸಾಧ್ಯವೆಂದು ನಾನು ನಂಬುತ್ತೇನೆ. ಹಾಗೆ ಮಾಡಿದರೆ ಪರಿವೀಕ್ಷಕರು ಈಗಾಗಲೇ ಬರೆಯುತ್ತಿರುವ ರೇಖಾಚಿತ್ರಗಳು ಮನೆಮನೆಗೂ ಬೇರೆಬೇರೆ ನೋಟಿಸಾಗುವುದರ ಬದಲು ಬೀದಿಯ ಕೆಲಸದ ಯೋಜನೆಯೇ ಆಗುತ್ತವೆ. ವಾಣಿಜ್ಯ ಕಟ್ಟಡಗಳ ವಿಷಯದಲ್ಲಿ 2003ರ ನಿಯಮ ಹಾಗೆಯೇ ಉಳಿಯಲಿ. ದಿನವೂ ಸಾವಿರಾರು ಜನರನ್ನು ಬಾಗಿಲಿಗೆ ಕರೆದು ಲಾಭ ಮಾಡುವವರು ಆ ಜನರ ಹೆಜ್ಜೆಗೆ ಉತ್ತರ ಕೊಡಬೇಕೆಂಬುದು ನ್ಯಾಯ.

ಈಗಿರುವ ಸೇವೆಯನ್ನು ಬಳಸಬೇಕಾದವರಿಗೆ ಕೆಲವು ಮಾತು. ಮನೆ ಕೊಳ್ಳುವ ಮುನ್ನ ಆ ವಿಳಾಸದ ಮೇಲೆ ಫುಟ್‌ಪಾತಿನ ನೋಟಿಸ್ ಬಾಕಿಯಿದೆಯೇ ಎಂದು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಹುಡುಕಿ ನೋಡಬಹುದು, ನೋಡಲೇಬೇಕು. ನೋಟಿಸ್ ಬಂದರೆ ರೇಖಾಚಿತ್ರವನ್ನು ಕೈಯಲ್ಲಿ ಹಿಡಿದು ಪ್ರತಿಯೊಂದು ಚೌಕವನ್ನೂ ತಾಳೆ ನೋಡಿ, ಬೇರಿನಿಂದಾದ ಹಾನಿಯನ್ನು ಬೇರೆಯಾಗಿ ಗುರುತಿಸಿ, ಮುಚ್ಚಳದ ಸುತ್ತಲಿನ 12 ಅಂಗುಲದೊಳಗಿನ ದೋಷವನ್ನು ಆ ಕಂಪನಿಯ ಗಮನಕ್ಕೆ ತರಬೇಕು. ಕೆಲಸ ಮುಗಿದ ಮೇಲೆ ಇಲಾಖೆಯನ್ನು ಕರೆದು ಅಂತಿಮ ಪರಿಶೀಲನೆ ಮಾಡಿಸಿಕೊಳ್ಳುವುದನ್ನು ಮರೆಯಬಾರದು. ಹೊಸ ಕಾಂಕ್ರೀಟು ಹಾಕಿಸಿದ ಮಾತ್ರಕ್ಕೆ ಗುಮಾಸ್ತರ ಕಚೇರಿಯ ದಾಖಲೆಯಿಂದ ನೋಟಿಸ್ ತಾನಾಗಿ ತೆಗೆದುಹೋಗುವುದಿಲ್ಲ, ಪರಿವೀಕ್ಷಕರು ಬಂದು ನೋಡಿ ವಜಾ ಮಾಡಿದ ಮೇಲೆಯೇ ಅದು ಹೋಗುತ್ತದೆ.